ಎಲಿಜಬೆತ್ ಕಾಟನ್: ಹೂತಿಟ್ಟ ತಲಾಂತಿನ ಚರಿತ್ರೆ



ಈ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿಕೊಂಡಾಗ, ರಾಣಿಯರ ಇಲ್ಲವೆ ಪಂಡಿತೆಯರ ಚರಿತ್ರೆಗಿಂತಲೂ ಮನೆಗೆಲಸ ಮಾಡಿ ಜೀವಿಸಿದ ಒಬ್ಬ ಸ್ತ್ರೀಯ ಚರಿತ್ರೆಯೇ ನಮಗೆ ಹೆಚ್ಚು ಪ್ರಯೋಜನಕರವೆಂದು ನನಗೆ ತೋರಿತು. ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ, ತಾನೇ ಗಿಟಾರನ್ನು ನುಡಿಸುತ್ತ ಹಾಡಿದ ಈಕೆಯ ಹೆಸರು ಎಲಿಜಬೆತ್ ಕಾಟನ್.

ಅಮೆರಿಕಾ ಸಂಯುಕ್ತ ಸಂಸ್ಥಾನದ ಉತ್ತರ ಕ್ಯಾರೊಲೈನಾ ಪ್ರಾಂತದಲ್ಲಿ, ಚಾಪೆಲ್ ಹಿಲ್ ಎಂಬ ಊರಿನ ಸಮೀಪದಲ್ಲಿ, ೧೮೯೩ರಲ್ಲಿ ಆಕೆಯು ಬಡ ಆಫ್ರಿಕನ್-ಅಮೆರಿಕನ್ ಕುಟುಂಬದಲ್ಲಿ ಹುಟ್ಟಿದಳು. ಮನೆಯವರು ಅವಳನ್ನು 'ಪುಟ್ಟ ತಂಗಿ' ಎಂದೇ ಕರೆಯುತ್ತಿದ್ದರು. ಶಾಲೆಗೆ ಹೋದ ಮೊದಲನೆಯ ದಿನ ಉಪಾಧ್ಯಾಯಿನಿಯು ಹೆಸರು ಕೇಳಲು, ಆ ಬಾಲಕಿಯು ತಾನಾಗಿಯೇ 'ಎಲಿಜಬೆತ್' ಎಂಬ ಹೆಸರನ್ನು ಆರಿಸಿಕೊಂಡು ಹೇಳಿದಳು. ಉಪಾಧ್ಯಾಯಿನಿಯಾದ ನನಗೆ ಈ ಸಂಗತಿಯು ಬಹಳ ಪ್ರಿಯವಾದದ್ದು.

ಅಣ್ಣನ ಬ್ಯಾಂಜೊ ವಾದ್ಯವನ್ನು ಎತ್ತಿಕೊಂಡು ಅವಳು ಯಾರ ಸಹಾಯವೂ ಇಲ್ಲದೆ ನುಡಿಸಲು ಕಲಿತಳು. ತರುವಾಯ ತಿಂಗಳಿಗೆ ೭೫ ಸೆಂಟುಗಳ ಸಂಬಳಕ್ಕೆ ಮನೆಗೆಲಸಕ್ಕೆ ಸೇರಿ, ೩ ಡಾಲರ್ ೭೫ ಸೆಂಟುಗಳನ್ನು ಕೂಡಿಹಾಕಿ, ಸ್ವಂತ ಗಿಟಾರನ್ನು ಕೊಂಡಳು. ಅವಳದು ಎಡಗೈ, ವಾದ್ಯವಾದರೋ ಬಲಗೈಯವರಿಗಾಗಿ ತಂತಿ ಕಟ್ಟಿದ್ದು. ಅವಳು ತಂತಿಗಳನ್ನು ಬದಲಾಯಿಸದೆ ವಾದ್ಯವನ್ನೇ ತಿರುಗಿಸಿ ಹಿಡಿದಳು. ವಾಡಿಕೆಯಂತೆ ಹೆಬ್ಬೆರಳು ಮಂದ್ರ ತಂತಿಗಳನ್ನೂ ಉಳಿದ ಬೆರಳುಗಳು ರಾಗವನ್ನೂ ನುಡಿಸತಕ್ಕವು. ಇವಳ ಕೈಯಲ್ಲಿ ಇದು ತಲೆಕೆಳಗಾಗಿ, ಬೆರಳುಗಳು ಮಂದ್ರವನ್ನೂ ಹೆಬ್ಬೆರಳು ರಾಗವನ್ನೂ ನುಡಿಸಿದವು. ತಪ್ಪೆಂದು ಯಾರಾದರೂ ತಿದ್ದಬಹುದಾಗಿದ್ದ ಈ ಕ್ರಮಕ್ಕೆ ಮುಂದೆ 'ಕಾಟನ್ ಪಿಕಿಂಗ್' ಎಂಬ ಹೆಸರು ಬಂದು, ಅನೇಕರು ಅದನ್ನು ಶ್ರದ್ಧೆಯಿಂದ ಅಭ್ಯಾಸಮಾಡಿದರು.

ಆಕೆಯ ಸಂಗೀತವು ಎಂಥದೆಂದು ಕೇಳುವಿರಷ್ಟೆ. ಗುಲಾಮಗಿರಿಯ ದುಃಖವನ್ನುಂಡ ಜನರ ಸಂತತಿಯಲ್ಲಿ ಬ್ಲೂಸ್ ಎಂಬ ಗಾನಪದ್ಧತಿಯು ಬೆಳೆಯಿತು. ಒಂದು ಸಾಲನ್ನು ಎರಡು ಸಲ ಹಾಡಿ ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವದೂ, ಕೆಲವು ಸ್ವರಗಳನ್ನು ತುಸು ತಗ್ಗಿಸಿ ನುಡಿಸುವದೂ ಅದರ ಲಕ್ಷಣಗಳು. ನಮ್ಮ ಹೆಂಗಸರು ಬೀಸುವ ಕಲ್ಲಿನ ಮುಂದೆ ಮನಸ್ಸಿನ ಭಾರವನ್ನು ಇಳಿಸಿದಂತೆಯೇ ಇದೂ ಸಹ. ಈ ಬ್ಲೂಸನ್ನೂ, ಊರಿನ ಜನಪದ ಹಾಡುಗಳನ್ನೂ, ಕುಣಿತದ ಗತಿಗಳನ್ನೂ, ದೇವಾಲಯದ ಕೀರ್ತನೆಗಳನ್ನೂ ಆಕೆಯು ಒಂದೇ ವಾದ್ಯದಲ್ಲಿ ಹೊಂದಿಸಿದಳು. ತನ್ನ ಮನೆಯ ಬಳಿ ಹಾದುಹೋಗುತ್ತಿದ್ದ ಸರಕಿನ ರೈಲುಗಾಡಿಯ ಮೇಲೆ 'ಫ್ರೈಟ್ ಟ್ರೇನ್' ಎಂಬ ಪ್ರಸಿದ್ಧವಾದ ಹಾಡನ್ನು ಕಟ್ಟಿದಾಗ ಅವಳಿನ್ನೂ ಬಾಲಕಿ.

ಎಳೆಯ ವಯಸ್ಸಿನಲ್ಲಿಯೇ ಅವಳಿಗೆ ವಿವಾಹವಾಯಿತು. ಒಬ್ಬ ಮಗಳು ಹುಟ್ಟಿದಳು. ಲೌಕಿಕ ಹಾಡುಗಳೂ ದೇವರ ಸೇವೆಯೂ ಒಟ್ಟಿಗಿರಲಾರವೆಂದು ಸಭೆಯ ಹಿರಿಯರು ಬುದ್ಧಿಹೇಳಿದರು. ಅವಳು ವಿಧೇಯಳಾಗಿ ಗಿಟಾರನ್ನು ಬಿಟ್ಟಳು. ಅನಂತರ ಕೆಲವು ದಶಕಗಳ ವರೆಗೆ ಆ ಬೆರಳುಗಳಿಗೆ ಮನೆಗೆಲಸವೇ ಗತಿಯಾಯಿತು.

ವಾಷಿಂಗ್ಟನ್ ಪಟ್ಟಣದ ಒಂದು ದೊಡ್ಡ ಅಂಗಡಿಯಲ್ಲಿ ಆಕೆಯು ಕೆಲಸಕ್ಕಿದ್ದಾಗ, ದಾರಿ ತಪ್ಪಿದ ಒಬ್ಬ ಬಾಲಕಿಯನ್ನು ತಾಯಿಯ ಬಳಿಗೆ ಸೇರಿಸಿದಳು. ಆ ತಾಯಿಯು ಸಂಗೀತರಚನೆಯಲ್ಲಿ ಹೆಸರಾದ ರೂತ್ ಕ್ರಾಫರ್ಡ್ ಸೀಗರ್, ಬಾಲಕಿಯು ಪೆಗಿ. ಈ ಪರಿಚಯದಿಂದ ಆಕೆಗೆ ಸೀಗರ್ ಕುಟುಂಬದಲ್ಲಿ ಮನೆಗೆಲಸವು ದೊರೆಯಿತು. ಆ ಮನೆಯ ಗೋಡೆಯಲ್ಲಿ ಒಂದು ಗಿಟಾರು ತೂಗುತ್ತಿತ್ತು. ಆಕೆಯು ಒಮ್ಮೆ ಅದನ್ನು ಇಳಿಸಿ ನುಡಿಸುತ್ತಿದ್ದಾಗ ಮಕ್ಕಳು ಕೇಳಿ ಬೆರಗಾದರು. ಪೆಗಿಯ ಅಣ್ಣನಾದ ಮೈಕ್ ಸೀಗರನು ಆಕೆಯ ಹಾಡುಗಳನ್ನು ಧ್ವನಿಮುದ್ರಿಸಲು, ೧೯೫೮ರಲ್ಲಿ ಫೋಕ್‌ವೇಸ್ ಎಂಬ ಚಿಕ್ಕ ಸ್ವತಂತ್ರ ಸಂಸ್ಥೆಯು ಅವನ್ನು ಪ್ರಕಟಿಸಿತು. ೧೯೬೦ರಲ್ಲಿ, ಅರುವತ್ತು ದಾಟಿದ ಮೇಲೆ, ಆಕೆಯು ಸಂಗೀತಗಾರ್ತಿಯಾಗಿ ಮೊದಲನೆಯ ಸಾರಿ ಸಾರ್ವಜನಿಕ ವೇದಿಕೆಯನ್ನೇರಿದಳು.

ಇಷ್ಟರಲ್ಲಿ ಆಕೆಯ ರೈಲಿನ ಹಾಡು ಪೆಗಿಯ ಮೂಲಕ ಇಂಗ್ಲೆಂಡನ್ನು ಸೇರಿತ್ತು. ಅಲ್ಲಿ ೧೯೫೭ರಲ್ಲಿ ಚಾಸ್ ಮ್ಯಾಕ್‌ಡೆವಿಟ್ ಮತ್ತು ನ್ಯಾನ್ಸಿ ವಿಸ್ಕಿ ಅದನ್ನು ಹಾಡಿದ ತಟ್ಟೆಯು ಬಹಳವಾಗಿ ಮಾರಾಟವಾಯಿತು. ಆದರೆ ಕೃತಿಸ್ವಾಮ್ಯವು ಬೇರೆಯವರ ಹೆಸರಿನಲ್ಲಿ ದಾಖಲಾಗಿತ್ತು! ಸೀಗರ್ ಮನೆಯವರ ಪ್ರಯತ್ನದಿಂದ ಆಕೆಯ ಹಕ್ಕು ಮುಂದೆ ಅಂಗೀಕೃತವಾಯಿತು. ಅಂದಿನ ಇಂಗ್ಲೆಂಡಿನ ಯುವಕರ ಇಂಥ ಮೇಳಗಳಿಂದಲೇ ಅಲ್ಲಿನ ರಾಕ್ ಸಂಗೀತವು ಬೆಳೆದದ್ದರಿಂದ, ಆ ಪ್ರವಾಹಕ್ಕೂ ಈ ಮುದುಕಿಯ ಕೈಯಿಂದ ಒಂದು ಬೊಗಸೆ ನೀರು ಸೇರಿತೆನ್ನಬಹುದು. ೧೯೮೪ರಲ್ಲಿ ರಾಷ್ಟ್ರೀಯ ಪರಂಪರಾ ಗೌರವವೂ, ೧೯೮೫ರಲ್ಲಿ, ತೊಂಬತ್ತು ದಾಟಿದ ಪ್ರಾಯದಲ್ಲಿ, ಗ್ರ್ಯಾಮಿ ಬಹುಮಾನವೂ ಆಕೆಗೆ ಬಂದವು. ೧೯೮೭ರಲ್ಲಿ ಸಿರಕ್ಯೂಸ್ ಪಟ್ಟಣದಲ್ಲಿ ಆಕೆಯು ಕಾಲವಾದಳು. ೨೦೨೨ರಲ್ಲಿ ರಾಕ್ ಅಂಡ್ ರೋಲ್ ಕೀರ್ತಿಭವನದಲ್ಲಿ ಆಕೆಯ ಹೆಸರನ್ನು ಸೇರಿಸಲಾಯಿತು.

ಈಗ ಪಾಠಕ್ಕೆ ಬರೋಣ. ಮತ್ತಾಯನ ಸುವಾರ್ತೆಯ ೨೫ನೆಯ ಅಧ್ಯಾಯದ ತಲಾಂತುಗಳ ಸಾಮ್ಯವನ್ನು ಬಲ್ಲಿರಿ. ಅಲ್ಲಿ ಆಳು ತನ್ನ ತಲಾಂತನ್ನು ಭಯದಿಂದ ತಾನೇ ಹೂತಿಟ್ಟನು. ಇಲ್ಲಿಯಾದರೋ ಸದುದ್ದೇಶವುಳ್ಳ ಹಿರಿಯರೇ ಹೂತಿಡಿಸಿದರು. ಆ ಹಿರಿಯರನ್ನು ಹಳಿಯಲು ನನಗೆ ಬಾಯಿಲ್ಲ. ಹಲವು ವರ್ಷಗಳ ಹಿಂದೆ ವಸತಿಗೃಹದಲ್ಲಿ ಒಬ್ಬ ಹುಡುಗಿಯು ಟ್ರಂಕಿನ ಮೇಲೆ ತಾಳ ಹಾಕುತ್ತ ತಾನೇ ಕಟ್ಟಿದ ಪದವನ್ನು ಹಾಡುತ್ತಿದ್ದಳು. ಪ್ರಾರ್ಥನೆಯ ವೇಳೆಗೆ ಇಂಥ ಹಾಡೇ ಎಂದು ನಾನು ಗದರಿಸಿದೆನು. ಆ ಪದದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗಂಟೆಗೆ ಇನ್ನೂ ಸಮಯವಿತ್ತು. ಅವಳು ಶಾಲೆಯನ್ನು ಬಿಡುವ ವರೆಗೆ ನನ್ನ ಕಿವಿಗೆ ಬೀಳುವಂತೆ ಮತ್ತೆ ಹಾಡಲಿಲ್ಲ. ಅಂದು ಅದನ್ನು ನಾನು ಶಿಸ್ತೆಂದು ತಿಳಿದೆನು. ಈ ಪುಟವು ಅವಳ ಕೈಸೇರಿದರೆ ನನ್ನನ್ನು ಕ್ಷಮಿಸಲಿ. ಸಾಧ್ಯವಾದರೆ ಆ ಪದವನ್ನು ಬರೆದು ಕಳುಹಿಸಲಿ.

ಎಲಿಜಬೆತಳ ಮೊದಲನೆಯ ತಟ್ಟೆಯಲ್ಲಿ ರೈಲಿನ ಹಾಡಿನೊಂದಿಗೆ ದೇವಸ್ತುತಿಯ ಗೀತಗಳೂ ಇವೆ. ಎರಡನ್ನೂ ನುಡಿಸಿದ್ದು ಒಂದೇ ಎಡಗೈ. ಕೊಟ್ಟಾತನು ಒಬ್ಬನೇ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿಯು ಬೇಕೆ?

ಆದುದರಿಂದ ತಾಯಿತಂದೆಗಳೇ, ಮಗಳ ಕೈಯಿಂದ ಯಾವದನ್ನಾದರೂ ಬಿಡಿಸುವ ಮೊದಲು, ಅದು ಪಾಪವೋ ಇಲ್ಲವೆ ನಮಗೆ ಹೊಸದಾದದ್ದು ಮಾತ್ರವೋ ಎಂದು ವಿಚಾರಿಸಿರಿ. ಪ್ರಿಯ ವಿದ್ಯಾರ್ಥಿನಿಯರೇ, ವಿವಾಹವಾದ ಮೇಲೆ ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟವರು ನಿಮ್ಮಲ್ಲಿ ಎಷ್ಟು ಮಂದಿಯೋ! ಈ ಸಂಜೆಯೇ ಆ ಬಟ್ಟೆಯನ್ನು ತೆಗೆಯಿರಿ. ಬೆರಳು ತಡವರಿಸಿದರೆ ನಾಚಬೇಡಿರಿ, ಮಕ್ಕಳು ಕೇಳಲಿ.