ಮೆಚ್ಚುಗೆಯ ಲೆಕ್ಕಾಚಾರ

ಠಾಣೆ, ಮುಲುಂಡ್, ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಆಟಿಸಂ ಇರುವ ಮಕ್ಕಳಿಗೆ ವರ್ತನಾ ಚಿಕಿತ್ಸೆ ಕೊಡುತ್ತ ಕಲಿತ ಪಾಠಗಳಿವು. ಬಹುಮಾನ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಯಾವಾಗ, ಎಷ್ಟು ಸಲಕ್ಕೊಮ್ಮೆ ಸಿಗುತ್ತದೆ ಎಂಬುದೇ ಮುಖ್ಯವೆಂದು ನನಗೆ ಮನವರಿಕೆಯಾಗಿದೆ.

1. ಹೊಸದನ್ನು ಕಲಿಸುವಾಗ ಪ್ರತಿ ಸಲವೂ ಕೊಡಿ, ಕೂಡಲೇ ಕೊಡಿ. ಮಗು ಮೊದಲ ಬಾರಿಗೆ ಲೋಟ ತೋರಿಸಿ ನೀರು ಕೇಳಿತೆಂದರೆ ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಏಳಬೇಕು. ತಡವಾದರೆ, ನಡುವೆ ಕಿರುಚಿದ್ದಕ್ಕೆ ನೀರು ಸಿಕ್ಕಂತಾಗುತ್ತದೆ.

2. ರೂಢಿಯಾದ ಮೇಲೆ ಮೆಲ್ಲಗೆ ಅಂತರ ಹೆಚ್ಚಿಸಿ: ಎರಡಕ್ಕೊಮ್ಮೆ, ಆಮೇಲೆ ಮೂರಕ್ಕೋ ನಾಲ್ಕಕ್ಕೋ. ಒಮ್ಮೆಲೇ ಹತ್ತಕ್ಕೆ ಹಾರಿದರೆ ಕಲಿತದ್ದೂ ನಿಂತುಹೋಗುತ್ತದೆ. ಆಗ ಬೈಯದೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

3. ಐದು ಸ್ಟಾರ್ ಆದರೆ ಬಹುಮಾನ ಎಂದು ಗೊತ್ತುಮಾಡಿದಾಗ, ಅದು ಸಿಕ್ಕೊಡನೆ ಮಗು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತದೆ. ದಯವಿಟ್ಟು ಅದನ್ನು ಸೋಮಾರಿತನ ಎನ್ನಬೇಡಿ.

4. ಹಟಕ್ಕೆ ಒಮ್ಮೊಮ್ಮೆ ಮಣಿಯುವುದು ಎಲ್ಲಕ್ಕಿಂತ ಅಪಾಯದ್ದು. ಇದನ್ನು ತಾಯಂದಿರಿಗೆ ಹೇಳುವಾಗ ನನಗೆ ಸಂಕಟವಾಗುತ್ತದೆ. ಚಾಳಿನ ಒಂದು ಕೋಣೆಯ ಮನೆ. ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಮಲಗಿದವರು. ಮಗು ಮೊಬೈಲಿಗಾಗಿ ಕಿರುಚುತ್ತದೆ. ಅಮ್ಮ ನಾಲ್ಕು ಸಲ ಗಟ್ಟಿಯಾಗಿದ್ದು ಐದನೆಯ ಸಲ ಕೊಟ್ಟುಬಿಡುತ್ತಾರೆ. ಮರುದಿನ ಎರಡಕ್ಕೇ, ಅದರ ಮರುದಿನ ಎಂಟಕ್ಕೆ. ಯಾವ ಕಿರುಚಾಟಕ್ಕೆ ಸಿಗುತ್ತದೋ ಗೊತ್ತಿಲ್ಲದ್ದರಿಂದ ಮಗು ನಿಲ್ಲಿಸುವುದೇ ಇಲ್ಲ. ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ಪಾರಿವಾಳಗಳ ಪ್ರಯೋಗದಿಂದ ತೋರಿಸಿದ್ದು ಇದನ್ನೇ: ಎಷ್ಟು ಕುಕ್ಕಿದರೆ ಕಾಳು ಎಂಬುದು ಅನಿಶ್ಚಿತವಾದರೆ ಹಕ್ಕಿ ಬಿಡುವಿಲ್ಲದೆ ಕುಕ್ಕುತ್ತದೆ. 1962ರಲ್ಲಿ ಕಲ್ಯಾಣ್‌ಜಿ ಭಗತ್ ವರ್ಲಿಯಲ್ಲಿ ಶುರುಮಾಡಿದ ಮಟ್ಕಾ ಜೂಜು ಗಿರಣಿ ಕಾರ್ಮಿಕರನ್ನು ಹಿಡಿದಿಟ್ಟದ್ದೂ, ನಮ್ಮೂರುಗಳಲ್ಲಿ ಅದೇ ಬಗೆಯ ಓಸಿ ಬರೆಸುವವರು ಅದನ್ನು ಬಿಡಲಾರದೆ ಒದ್ದಾಡುವುದೂ ಇದೇ ಬಲದಿಂದ. ದೊಡ್ಡವರೇ ಸಿಕ್ಕಿಬೀಳುವಲ್ಲಿ ಮಗುವನ್ನು ಹಟಮಾರಿ ಎನ್ನುವುದು ಅನ್ಯಾಯ.

5. ಭಾನುವಾರ ಜುಹೂಗೆ ಹೋಗೋಣ ಎಂಬ ಮಾತು ಹೆಚ್ಚೆಂದರೆ ಶನಿವಾರದ ವರ್ತನೆಯನ್ನು ತಿದ್ದೀತು. ಸೋಮವಾರದ ಮಗುವಿಗೆ ಭಾನುವಾರ ಬಹಳ ದೂರ. ಅದರ ಬದಲು ದಿನದ ನಡುವೆ, ಹೊತ್ತು ಗೊತ್ತುಮಾಡದೆ, ಮಗು ಚೆನ್ನಾಗಿ ಕೂತು ಆಡುತ್ತಿರುವಾಗ ಮೆಚ್ಚಿ ಮಾತಾಡಿಸಿ.

6. ಕಿರುಚಾಟಕ್ಕೆ ಮೊಬೈಲ್ ಕೊಡುವುದನ್ನು ನಿಲ್ಲಿಸಿದಾಗ ಮೊದಮೊದಲು ಅದು ಇನ್ನೂ ಜೋರಾಗಬಹುದು. ನೆರೆಯವರಿಗೆ ಮುಂಚೆಯೇ ಹೇಳಿಡಿ; ಅಜ್ಜಿ, ಅಪ್ಪ ಎಲ್ಲರೂ ಒಪ್ಪಿರಲಿ. ಜೊತೆಗೇ ಚಿತ್ರ ತೋರಿಸಿಯೋ ಕೈಸನ್ನೆಯಿಂದಲೋ ಕೇಳುವುದನ್ನು ಕಲಿಸಿ, ಶುರುವಿನಲ್ಲಿ ಹಾಗೆ ಕೇಳಿದಾಗಲೆಲ್ಲ ಕೊಡಿ. ತಲೆ ಚಚ್ಚಿಕೊಳ್ಳುವ, ಕೈ ಕಚ್ಚಿಕೊಳ್ಳುವ ಮಗುವಾದರೆ ಮನೆಯವರು ತಾವಾಗಿಯೇ ಇದಕ್ಕೆ ಕೈಹಾಕಬಾರದು. ಚಿಕಿತ್ಸಕರು ಪಕ್ಕದಲ್ಲಿರುವಾಗಲೇ ಶುರುಮಾಡಿ.