ತುಪ್ಪದಲ್ಲಿ ಕರಗಿದ ಗಾಂಜಾ: ತಿಂದರೆ ಯಾಕೆ ಬೇರೆ ಥರ?

ಈ ಸಲದ ವಿಷಯ ಕೇಳುಗರೊಬ್ಬರ ಪ್ರಶ್ನೆಯಿಂದ ಹುಟ್ಟಿದ್ದು. ಅವರು ಇರೋದು ಲಂಡನ್ನಿನ ವೆಂಬ್ಲಿಯಲ್ಲಿ, ಅವರ ತಮ್ಮ ಟೊರಾಂಟೊದಲ್ಲಿ. ತಮ್ಮ ಅಲ್ಲಿನ ಕಾನೂನಿನ ಪ್ರಕಾರವೇ ಹಿತ್ತಲಲ್ಲಿ ಗಾಂಜಾ ಗಿಡ ಬೆಳೆಸಿ, ಅದರ ಹೂವನ್ನು ತುಪ್ಪದಲ್ಲಿ ಕಾಯಿಸಿ, ಆ ತುಪ್ಪದಲ್ಲಿ ಮೈಸೂರು ಪಾಕ್ ಮಾಡಿದ್ದಾನಂತೆ. ದೀಪಾವಳಿಗೆ ಬರುವಾಗ ಅಮ್ಮನ ಮಂಡಿನೋವಿಗೆ ಒಂದು ಡಬ್ಬಿ ತರ್ತಾನಂತೆ. "ಹೊಗೆ ಇಲ್ಲ, ಏನಿಲ್ಲ, ಬರೀ ತುಪ್ಪ ತಾನೇ, ಏನಾಗುತ್ತೆ?" ಅನ್ನೋದು ಅವನ ವಾದ. ಅಕ್ಕನಿಗೆ ಧೈರ್ಯ ಸಾಲದೆ ನಮಗೆ ಬರೆದಿದ್ದಾರೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಒಂಟಾರಿಯೊದಲ್ಲಿ ಒಂದು ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಜರ್ಮನಿಯಲ್ಲೂ 2024ರ ಏಪ್ರಿಲ್‌ನಿಂದ ವಯಸ್ಕರೊಬ್ಬರಿಗೆ ಮೂರು ಗಿಡ. ಆದರೆ ಇಲ್ಲಿ, ಬ್ರಿಟನ್ನಿನಲ್ಲಿ, 1971ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಬಿ ವರ್ಗಕ್ಕೆ ಸೇರಿದ್ದು. ಕಿಟಕಿ ಪಕ್ಕ ಕುಂಡದಲ್ಲಿ ಒಂದೇ ಒಂದು ಗಿಡ ಇಟ್ಟರೂ ಅಪರಾಧ. ಹತ್ತಿರ ಇಟ್ಟುಕೊಂಡರೆ 5 ವರ್ಷದವರೆಗೆ, ಬೆಳೆದರೆ ಅಥವಾ ಇನ್ನೊಬ್ಬರಿಗೆ ಕೊಟ್ಟರೆ 14 ವರ್ಷದವರೆಗೆ ಜೈಲು ಆಗಬಹುದು. ಗಡಿ ದಾಟಿಸೋದು ಕೆನಡಾದ ಕಾನೂನಿನಲ್ಲೂ ತಪ್ಪು. ಹಾಗಾಗಿ ಟೊರಾಂಟೊ ಅಡುಗೆಮನೆಯಲ್ಲಿ ಕಾನೂನುಬದ್ಧವಾಗಿದ್ದ ಮೈಸೂರು ಪಾಕ್ ಹೀಥ್ರೋದಲ್ಲಿ ಇಳಿದ ಕೂಡಲೇ ಮಾದಕ ವಸ್ತುವಿನ ಕಳ್ಳಸಾಗಣೆ. ಸಿಹಿ ತಿಂಡಿ ಅಂತ ರಿಯಾಯಿತಿ ಇಲ್ಲ.

ಈಗ ವಿಜ್ಞಾನಕ್ಕೆ ಬರೋಣ.

ಗಿಡದಿಂದ ಕಿತ್ತ ಹಸಿ ಹೂವನ್ನು ಹಾಗೇ ಅಗಿದು ತಿಂದರೆ ಹೆಚ್ಚೇನೂ ನಶೆ ಏರಲ್ಲ. ಯಾಕಂದ್ರೆ ಗಿಡ ತಯಾರಿಸೋದು ಟಿಎಚ್‌ಸಿ ಅಲ್ಲ, ಅದರ ಆಮ್ಲ ರೂಪ. ಆ ಆಮ್ಲದ ಅಣುವಿಗೆ ಒಂದು ಬಾಲ ಇದೆ ಅಂದುಕೊಳ್ಳಿ. ಬಿಸಿ ತಾಗಿದಾಗ ಆ ಬಾಲ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತೆ, ಉಳಿಯೋದು ನಶೆ ಕೊಡುವ ಟಿಎಚ್‌ಸಿ. ಸೇದುವವರಿಗೆ ಬೆಂಕಿಯೇ ಈ ಕೆಲಸ ಮಾಡಿಕೊಡುತ್ತೆ. ಅಡುಗೆ ಮಾಡುವವರು 110-120 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು ಅದನ್ನು ಮಾಡಬೇಕು. ಎರಡನೇದು, ಟಿಎಚ್‌ಸಿ ನೀರಿನಲ್ಲಿ ಕರಗಲ್ಲ, ಜಿಡ್ಡಿನಲ್ಲಿ ಕರಗುತ್ತೆ. ಭಂಗಿಯನ್ನು ಹಾಲಿನಲ್ಲಿ ಅರೆದು ಕುಡಿಯೋದರ ಹಿಂದೆ ಇರೋದೂ ಇದೇ.

ಇದನ್ನು ಬರಹಕ್ಕಿಳಿಸಿ ಲಂಡನ್ನಿಗೆ ತಲುಪಿಸಿದವರು ವಿಲಿಯಂ ಬ್ರೂಕ್ ಒ'ಶಾನೆಸಿ ಅನ್ನೋ ಐರಿಷ್ ವೈದ್ಯ. ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳ್ತಿದ್ದವರು. 1839ರಲ್ಲಿ ಬರೆದ ಪ್ರಬಂಧದಲ್ಲಿ ಅವರು ಮಾಜೂನ್ ಅನ್ನೋ ಮಿಠಾಯಿ ಮಾಡೋ ವಿಧಾನವನ್ನು ವಿವರವಾಗಿ ಕೊಟ್ಟಿದ್ದಾರೆ. ಎಲೆಯನ್ನು ತುಪ್ಪ ಮತ್ತು ನೀರಿನ ಜೊತೆ ಕೆಂಡದ ಮೇಲಿಟ್ಟು ಕೈಯಾಡಿಸುತ್ತಾ ಕಾಯಿಸಬೇಕು. ತುಪ್ಪ ಚಟಚಟ ಅಂದಾಗ ನೀರೆಲ್ಲ ಆವಿಯಾಯಿತು ಅಂತ ತಿಳಿದು ಇಳಿಸಿ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಹಿಂಡಬೇಕು. ಬೆಣ್ಣೆ ಕಾಯಿಸಿ ತುಪ್ಪ ಮಾಡಿದವರಿಗೆಲ್ಲ ಈ ಸದ್ದು ಗೊತ್ತು. ನೀರು ಇರುವವರೆಗೆ ಪಾತ್ರೆಯ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತೆ, ನೀರು ಹೋದ ಮೇಲೆ ಮೇಲೇರುತ್ತೆ. ಥರ್ಮಾಮೀಟರ್ ಇಲ್ಲದ ಆ ಮಿಠಾಯಿಯವರು ಕಿವಿಯಿಂದಲೇ ಶಾಖ ಅಳೀತಿದ್ರು ಅನ್ನೋದು ನಮಗೆ ತುಂಬಾ ಇಷ್ಟವಾದ ಸಂಗತಿ.

1840ರ ದಶಕದ ಆರಂಭದಲ್ಲಿ ರಜೆ ಮೇಲೆ ಬಂದಾಗ ಒ'ಶಾನೆಸಿ ಈ ಮಾಲನ್ನು ಆಕ್ಸ್‌ಫರ್ಡ್ ಸ್ಟ್ರೀಟಿನ ಔಷಧ ವ್ಯಾಪಾರಿ ಪೀಟರ್ ಸ್ಕ್ವೈರ್ ಅವರಿಗೆ ಕೊಟ್ಟರು. ಇವತ್ತು ಬಟ್ಟೆ ಅಂಗಡಿಗಳಿಂದ ತುಂಬಿರೋ ಅದೇ ರಸ್ತೆಯಿಂದ ಸ್ಕ್ವೈರ್ ಅವರ ಗಾಂಜಾ ಸಾರ ಔಷಧವಾಗಿ ಹೊರಟಿತು. ಆದರೆ ವೈದ್ಯರಿಗೆ ತಲೆನೋವು ಶುರುವಾಯ್ತು. ಒಂದು ಬಾಟಲಿ ಸಪ್ಪೆ, ಇನ್ನೊಂದು ಬಾಟಲಿಯ ಅಷ್ಟೇ ಹನಿಗೆ ರೋಗಿ ಗಾಬರಿಯಿಂದ ಒದ್ದಾಟ. ವಿಕ್ಟೋರಿಯಾ ರಾಣಿಯ ಅರಮನೆಯ ವೈದ್ಯರಾಗಿದ್ದ ಜೆ. ರಸೆಲ್ ರೆನಾಲ್ಡ್ಸ್ 1890ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನೇ ಬರೆದರು: ಗಿಡದಿಂದ ಗಿಡಕ್ಕೆ ಬಲ ಬೇರೆ, ಮನುಷ್ಯರಿಂದ ಮನುಷ್ಯರಿಗೆ ತಾಳಿಕೆ ಬೇರೆ, ಆದ್ದರಿಂದ ತೀರಾ ಕಡಿಮೆಯಿಂದ ಶುರುಮಾಡಿ ದಿನಗಟ್ಟಲೆ ಕಾದು ಹನಿಹನಿಯಾಗಿ ಏರಿಸಬೇಕು. (ರಾಣಿಯೇ ಗಾಂಜಾ ತಗೊಳ್ತಿದ್ದಳು ಅನ್ನೋ ಕಥೆ ವಾಟ್ಸಾಪಿನಲ್ಲಿ ನಿಮಗೂ ಬಂದಿರಬಹುದು. ಅದಕ್ಕೆ ಗಟ್ಟಿ ದಾಖಲೆ ಇಲ್ಲ.) ಆ ಔಷಧದಲ್ಲಿ ಕೆಲಸ ಮಾಡ್ತಿದ್ದದ್ದು ಏನು ಅಂತ ಪತ್ತೆಯಾಗಿದ್ದು 1964ರಲ್ಲಿ, ಇಸ್ರೇಲಿನ ಗಾವೋನಿ ಮತ್ತು ಮೆಶೂಲಂ ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿದಾಗ.

ಸರಿ, ತಿಂದಾಗ ಏನಾಗುತ್ತೆ? ಹೊಗೆಯಲ್ಲಿ ಹೋದ ಟಿಎಚ್‌ಸಿ ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ ನಿಮಿಷಗಳಲ್ಲಿ ತಲುಪುತ್ತೆ. ಸಾಕು ಅನ್ನಿಸಿದರೆ ನಿಲ್ಲಿಸಬಹುದು. ತಿಂದದ್ದು ಹಾಗಲ್ಲ. ಹೊಟ್ಟೆ, ಕರುಳು, ಆಮೇಲೆ ಯಕೃತ್ತು. ಯಕೃತ್ತಿನ ಕಿಣ್ವಗಳು ಅದರ ದೊಡ್ಡ ಪಾಲನ್ನು 11-ಹೈಡ್ರಾಕ್ಸಿ ಟಿಎಚ್‌ಸಿ ಅನ್ನೋ ಬೇರೆ ಅಣುವಾಗಿ ಬದಲಾಯಿಸುತ್ತವೆ. ಇದೂ ನಶೆ ಕೊಡುತ್ತೆ, ಮಿದುಳಿಗೆ ಸಲೀಸಾಗಿ ಹೋಗುತ್ತೆ. ಅಂದ್ರೆ ತಿಂದವರ ಮಿದುಳಿಗೆ ಒಂದಲ್ಲ, ಎರಡು ಮದ್ದು ತಲುಪ್ತಿವೆ. ಪರಿಣಾಮ ಶುರುವಾಗೋಕೆ ಅರ್ಧ ಗಂಟೆಯಿಂದ ಎರಡು ಗಂಟೆ, ಏರಿ ನಿಲ್ಲೋಕೆ ಎರಡರಿಂದ ನಾಲ್ಕು ಗಂಟೆ, ಇಳಿಯೋಕೆ ಆರೆಂಟು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು. ಯಾರೇ ತಪ್ಪಿದರೂ ಈ ಮೊದಲ ಎರಡು ಗಂಟೆಯಲ್ಲೇ ತಪ್ಪೋದು. "ಏನೂ ಆಗಲೇ ಇಲ್ವಲ್ಲ" ಅಂತ ಇನ್ನೊಂದು ತುಂಡು ಬಾಯಿಗೆ ಹಾಕ್ತಾರೆ. ಒಂದು ಗಂಟೆ ಬಿಟ್ಟು ಎರಡೂ ಒಟ್ಟಿಗೆ ಏರುತ್ತವೆ.

ಈಗ ಆ ತಮ್ಮನ ತಟ್ಟೆಯ ಲೆಕ್ಕ ಹಾಕೋಣ. ಹತ್ತು ಗ್ರಾಂ ಒಣ ಹೂವು, ಅದರಲ್ಲಿ ಆಮ್ಲ ರೂಪದ್ದು ಶೇ. 15 ಅಂದುಕೊಳ್ಳಿ: 1500 ಮಿಲಿಗ್ರಾಂ. ಬಾಲ ಕಳಚಿದಾಗ ತೂಕ 0.877 ಪಟ್ಟಿಗೆ ಇಳಿಯುತ್ತೆ, ಸುಮಾರು 1315 ಉಳಿಯುತ್ತೆ. ಕಾಯಿಸುವಾಗ, ಸೋಸುವಾಗ ಅರ್ಧ ಹೋಯ್ತು ಅಂತ ಧಾರಾಳವಾಗಿ ಕಳೆದರೂ 650 ಮಿಲಿಗ್ರಾಂ. ಇಪ್ಪತ್ತು ತುಂಡು ಕೊಯ್ದರೆ ತುಂಡಿಗೆ 32 ಮಿಲಿಗ್ರಾಂ! ಅದೇ ಕೆನಡಾದಲ್ಲಿ ಅಂಗಡಿಯಲ್ಲಿ ಮಾರುವ ಇಂಥ ತಿಂಡಿಯ ಒಂದು ಇಡೀ ಪ್ಯಾಕೆಟ್ಟಿನಲ್ಲಿ ಇರಬಹುದಾದ ಗರಿಷ್ಠ ಮಿತಿ 10 ಮಿಲಿಗ್ರಾಂ. ಹೊಸಬರಿಗೆ ಹೇಳೋದು 2.5 ಅಥವಾ ಅದಕ್ಕೂ ಕಡಿಮೆ. ಇನ್ನು ಆ ಶೇ. 15 ಅನ್ನೋದೇ ನಮ್ಮ ಊಹೆ. ಹಿತ್ತಲಿನ ಗಿಡಕ್ಕೆ ಯಾರೂ ಲೇಬಲ್ ಅಂಟಿಸಿರಲ್ಲ. 8 ಇರಬಹುದು, 22 ಇರಬಹುದು. ತುಪ್ಪ ಎಲ್ಲ ಕಡೆ ಸಮನಾಗಿ ಬೆರೆಯದಿದ್ದರೆ ಒಂದು ಮೂಲೆಯ ತುಂಡು ಸಪ್ಪೆ, ಇನ್ನೊಂದು ಮೂಲೆಯದು ದುಪ್ಪಟ್ಟು. ರೆನಾಲ್ಡ್ಸ್ ಕಾಲದ ಸಮಸ್ಯೆ ತಟ್ಟೆ ಸಮೇತ ವಾಪಸ್ ಬಂದಿದೆ ನೋಡಿ.

ಇದನ್ನು ತಿನ್ನೋರು ಯಾರು? ಮಂಡಿನೋವಿನ ಅಮ್ಮ. ವಯಸ್ಸಾದವರಲ್ಲಿ ಟಿಎಚ್‌ಸಿ ಎದೆಬಡಿತ ಏರಿಸುತ್ತೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಸುತ್ತೆ. ರಾತ್ರಿ ಬಾತ್‌ರೂಮಿಗೆ ಹೋಗುವಾಗ ಬಿದ್ದರೆ ಸೊಂಟದ ಮೂಳೆ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ತಿದ್ದರೆ ಇನ್ನೊಂದು ತೊಡಕು: ಅದನ್ನೂ ಟಿಎಚ್‌ಸಿಯನ್ನೂ ಯಕೃತ್ತಿನಲ್ಲಿ ಸಂಭಾಳಿಸೋದು ಸಿವೈಪಿ2ಸಿ9 ಅನ್ನೋ ಒಂದೇ ಕಿಣ್ವ. ಕೆಲವರಿಗೆ ಹುಟ್ಟಿನಿಂದಲೇ ಆ ಕಿಣ್ವ ನಿಧಾನ. ಇಷ್ಟೆಲ್ಲ ಮಾಡಿ ನೋವು ಹೋಗುತ್ತಾ? 2018ರ ನವೆಂಬರ್ 1ರಿಂದ ಇಲ್ಲಿನ ತಜ್ಞ ವೈದ್ಯರು ಗಾಂಜಾ ಔಷಧ ಬರೆದುಕೊಡಬಹುದು, ನಿಜ. ಆದರೆ ಎನ್‌ಎಚ್‌ಎಸ್‌ಗೆ ದಾರಿ ತೋರುವ ನೈಸ್ ಸಂಸ್ಥೆ 2019ರಲ್ಲಿ, ವಯಸ್ಕರ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬೇಡಿ ಅಂತಲೇ ಹೇಳಿತು. ನಮ್ಮ ಅಭಿಪ್ರಾಯ ಕೇಳಿದರೆ, ಅಮ್ಮನ ಮಂಡಿಗೆ ಫಿಸಿಯೊಥೆರಪಿಯೇ ವಾಸಿ.

ಹಾಗಾದ್ರೆ ಇಲ್ಲೇ ಯಾರ ಹತ್ರಾನೋ ಕೊಂಡರೆ? ಅದು ಇನ್ನೂ ಕೆಟ್ಟದ್ದು. 2022ರ ಮಾರ್ಚ್ ಕೊನೆಯಲ್ಲಿ ಪೂರ್ವ ಲಂಡನ್ನಿನ ಇಲ್‌ಫರ್ಡ್‌ನಲ್ಲಿ ಗಾಂಜಾ ಮಿಠಾಯಿ ಅಂತ ಕೊಂಡ ಗಮ್ಮಿ ತಿಂದ ಯುವತಿಯೊಬ್ಬರು ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂಥ ಮಾಲಿನಲ್ಲಿ ಎಷ್ಟೋ ಸಲ ಗಾಂಜಾವೇ ಇರಲ್ಲ, ಪ್ರಯೋಗಾಲಯದಲ್ಲಿ ತಯಾರಾದ, ಅದಕ್ಕಿಂತ ಹಲವು ಪಟ್ಟು ಬಲದ ಕೃತಕ ರಾಸಾಯನಿಕ ಇರುತ್ತೆ.

ಕೊನೆಯದಾಗಿ ಮಕ್ಕಳ ವಿಚಾರ. ಮೈಸೂರು ಪಾಕ್ ನೋಡಿದರೆ ಮೈಸೂರು ಪಾಕೇ; ಹಬ್ಬದ ಮನೆಯಲ್ಲಿ ನಾಲ್ಕು ವರ್ಷದ ಮಗು ಯಾರನ್ನೂ ಕೇಳಲ್ಲ. ಮಗು ತಿಂದಿದೆ ಅಂತ ಅನುಮಾನ ಬಂದರೆ ಲಕ್ಷಣಕ್ಕೆ ಕಾಯಬೇಡಿ, ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಎಬ್ಬಿಸಿದರೂ ಏಳದಂಥ ಮಂಪರು ಅಥವಾ ಉಸಿರಾಟದ ತೊಂದರೆ ಕಂಡರೆ, ದೊಡ್ಡವರಿಗೇ ಆಗಲಿ, 999ಕ್ಕೆ ಕರೆ ಮಾಡಿ. ಏನು ತಿಂದರು, ಎಷ್ಟು, ಎಷ್ಟು ಹೊತ್ತಿಗೆ ಅಂತ ವೈದ್ಯರಿಗೆ ಮುಚ್ಚಿಡದೆ ಹೇಳಿ, ಉಳಿದ ತುಂಡನ್ನೂ ಜೊತೆಗೆ ಒಯ್ಯಿರಿ.