ಟ್ರ್ಯಾಕ್‌ಗೆ ಇಳಿಯುವ ಕಾರಿಗೆ ಯಾವ ಬ್ರೇಕ್ ಡಿಸ್ಕ್?

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅದರ ವೇಗ ನೋಡಬೇಕೆಂದರೆ ತಮಿಳುನಾಡಿನ ಹಾದಿ ಹಿಡಿಯಬೇಕು. ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇದೆ. ಕೊಯಮತ್ತೂರಿನ ಬಳಿ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅಲ್ಲಿನ ಟ್ರ್ಯಾಕ್ ಡೇಗಳಿಗೆ ಹೋಗಿ ಬರುವವರು ಎಂಜಿನ್ ಟ್ಯೂನಿಂಗ್‌ಗೆ, ಟೈರಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಬ್ರೇಕ್ ಡಿಸ್ಕ್ ಸವೆದಾಗ ಮಾತ್ರ ಫೋಟೊ ನೋಡಿ ಆರ್ಡರ್ ಕೊಡುತ್ತಾರೆ. ಅಲಾಯ್ ಚಕ್ರದ ಸಂದಿಯಿಂದ ಇಣುಕುವ, ಮೈತುಂಬ ತೂತಿರುವ ಡಿಸ್ಕ್ ಚೆಂದ ಕಾಣುತ್ತದೆ ನಿಜ. ಆದರೆ ಟ್ರ್ಯಾಕ್‌ನಲ್ಲಿ ಡಿಸ್ಕಿನ ಕೆಲಸ ಬಿಸಿಯನ್ನು ಹೀರಿಕೊಂಡು, ಮುಂದಿನ ತಿರುವು ಬರುವುದರೊಳಗೆ ಆದಷ್ಟನ್ನು ಗಾಳಿಗೆ ಬಿಟ್ಟುಕೊಡುವುದು. ಅದಕ್ಕೆ ಬೇಕಾದದ್ದು ಕಬ್ಬಿಣದ ತೂಕ, ಗಾಳಿಗೆ ದಾರಿ. ಉಳಿದದ್ದೆಲ್ಲ ಆಮೇಲಿನ ಮಾತು.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಚಾಲಕ ಸೇರಿ 1,500 ಕಿಲೋ ತೂಗುವ ಕಾರನ್ನು 160 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದರೆ ಸುಮಾರು 12.7 ಲಕ್ಷ ಜೂಲ್ ಶಕ್ತಿ ಬಿಸಿಯಾಗಿ ಮಾರ್ಪಡುತ್ತದೆ. ಅದರಲ್ಲಿ ಶೇ 70ರಷ್ಟು ಮುಂದಿನ ಎರಡು ಚಕ್ರಗಳ ಪಾಲು ಎಂದಿಟ್ಟುಕೊಳ್ಳೋಣ. ಒಂದೊಂದು ಡಿಸ್ಕಿಗೆ ನಾಲ್ಕೂವರೆ ಲಕ್ಷ ಜೂಲ್ ಬಂತು. 9 ಕಿಲೋ ತೂಕದ ಡಿಸ್ಕ್ ಆದರೆ ಆ ಒಂದೇ ಬ್ರೇಕಿಗೆ 100 ಡಿಗ್ರಿಯಷ್ಟು ಏರುತ್ತದೆ, 7 ಕಿಲೋ ಆದರೆ 130. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಒಂದು ಕಿಲೋಮೀಟರಿಗೂ ಉದ್ದದ ನೇರ ಓಟ ಮುಗಿದೊಡನೆ ಬಿಗಿಯಾದ ನಾಲ್ಕನೇ ತಿರುವು ಬರುತ್ತದೆ. ಅಲ್ಲಿ 200ರಿಂದ 60ಕ್ಕೆ ಇಳಿಸಿದರೆ ಶಕ್ತಿ 21 ಲಕ್ಷ ಜೂಲ್ ಆಗುತ್ತದೆ. ವೇಗ ಕಾಲು ಪಾಲು ಹೆಚ್ಚಿದರೂ ಬಿಸಿ ಒಂದೂವರೆ ಪಟ್ಟು ಮೀರುತ್ತದೆ. ಹೀಗೆ ಸುತ್ತಿನ ಮೇಲೆ ಸುತ್ತು, ಇಪ್ಪತ್ತು ನಿಮಿಷ. ಬ್ರೇಕ್ ಜೋರಾಗಿ ಒತ್ತಿ ಸಿಗ್ನಲ್ಲಿನಲ್ಲಿ ತಣ್ಣಗಾಗಲು ಬಿಡುವ ಊರಿನ ಓಡಾಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮೊದಲು ಹಳೆಯದನ್ನು ನೋಡಿ

ಹೊಸ ಡಿಸ್ಕ್ ಹುಡುಕುವ ಮುನ್ನ ಹಳೆಯದನ್ನು ಬಿಚ್ಚಿ ಬೆಳಕಿನಲ್ಲಿಟ್ಟು ನೋಡಿ. ನಿಮ್ಮ ಕಾರು, ನಿಮ್ಮ ಕಾಲು, ನೀವು ಹೋಗುವ ಟ್ರ್ಯಾಕ್ ಮೂರೂ ಸೇರಿ ಅದರ ಮೇಲೆ ಗುರುತು ಬಿಟ್ಟಿರುತ್ತವೆ.

ಡಿಸ್ಕಿನ ಅಂಚಿನಲ್ಲೋ ನಡುವಿನ ಟೊಪ್ಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಮೈಕ್ರೋಮೀಟರಿನಿಂದ ಪ್ಯಾಡ್ ಉಜ್ಜುವ ಜಾಗದಲ್ಲಿ ಆರೇಳು ಕಡೆ ಅಳೆಯಿರಿ. ಸಾಮಾನ್ಯ ವರ್ನಿಯರ್ ಹಿಡಿದರೆ ಸವೆಯದೆ ಉಳಿದ ಅಂಚಿನ ಏಣು ಅಡ್ಡ ಬಂದು ದಪ್ಪ ಹೆಚ್ಚು ತೋರಿಸುತ್ತದೆ. ಅಚ್ಚೊತ್ತಿದ ಆ ಸಂಖ್ಯೆ ರಸ್ತೆ ಬಳಕೆಯ ಮಿತಿ. ಸವೆದ ಪ್ರತಿ ಮಿಲಿಮೀಟರಿನ ಜೊತೆ ಬಿಸಿ ಹಿಡಿಯುವ ಕಬ್ಬಿಣವೂ ಹೋಗಿರುವುದರಿಂದ, ಟ್ರ್ಯಾಕ್‌ಗೆ ಹೋಗುವ ಕಾರಿನಲ್ಲಿ ಆ ಮಿತಿ ಮುಟ್ಟುವವರೆಗೆ ಕಾಯಬಾರದು. ಅರ್ಧಕ್ಕಿಂತ ಹೆಚ್ಚು ಸವೆದ ಡಿಸ್ಕನ್ನು ನಾನಾದರೆ ಟ್ರ್ಯಾಕ್‌ಗೆ ಕಳಿಸುವುದಿಲ್ಲ. ಲೇತಿಗೆ ಕೊಟ್ಟು ಮೈ ನಯ ಮಾಡಿಸುವುದೂ ಬೇಡ, ಕಾರಣ ಅದೇ.

ಮೈಮೇಲೆ ಕೂದಲೆಳೆಯಂಥ ಬಿರುಕುಗಳ ಜಾಲ ಕಂಡರೆ ಹೆದರಬೇಕಿಲ್ಲ. ಕಾದು ತಣಿದು ಕಾದು ತಣಿದು ಕಬ್ಬಿಣಕ್ಕೆ ಬರುವ ಗುರುತು ಅದು. ಬಿರುಕಿನ ಮೇಲೆ ಉಗುರು ಎಳೆದಾಗ ಸಿಕ್ಕಿಕೊಂಡರೆ, ಬಿರುಕು ಅಂಚನ್ನು ಮುಟ್ಟಿದ್ದರೆ, ಒಂದು ತೂತಿನಿಂದ ಇನ್ನೊಂದಕ್ಕೆ ಹರಿದಿದ್ದರೆ ಆ ಡಿಸ್ಕಿನ ಕಥೆ ಮುಗಿಯಿತು. ಅದರ ಮೇಲೆ ಇನ್ನೊಂದು ಸುತ್ತೂ ಬೇಡ.

ನೀಲಿ ಮಚ್ಚೆಗಳಿದ್ದು ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತಿದ್ದರೆ ಗ್ಯಾರೇಜುಗಳಲ್ಲಿ 'ಡಿಸ್ಕ್ ಬೆಂಡ್ ಆಗಿದೆ' ಎನ್ನುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಡಿಸ್ಕ್ ಬಾಗಿರುವುದಿಲ್ಲ. ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಅಂಟಿರುತ್ತದೆ. ಆ ಜಾಗ ಹೆಚ್ಚು ಉಜ್ಜಿಸಿಕೊಂಡು ಹೆಚ್ಚು ಕಾಯುತ್ತದೆ. 700 ಡಿಗ್ರಿಯ ಆಸುಪಾಸು ತಲುಪಿದರೆ ಅಲ್ಲಿನ ಕಬ್ಬಿಣದ ರಚನೆಯೇ ಬದಲಾಗಿ ಗಟ್ಟಿ ಕಲೆಗಳಾಗುತ್ತವೆ. ಅವು ಸುತ್ತಲಿನ ಕಬ್ಬಿಣದಂತೆ ಸವೆಯುವುದಿಲ್ಲ, ಉಬ್ಬಿ ನಿಲ್ಲುತ್ತವೆ. ಫೋರ್ಡ್ ಜಿಟಿ40 ತಂಡದಲ್ಲಿ ದುಡಿದ ರೇಸಿಂಗ್ ಎಂಜಿನಿಯರ್ ಕ್ಯಾರೊಲ್ ಸ್ಮಿತ್ ಇದನ್ನು ಬಹಳ ಹಿಂದೆಯೇ ಬಿಡಿಸಿ ಹೇಳಿದ್ದಾರೆ. ಹೀಗಾಗಿದ್ದರೆ ದುಬಾರಿ ಡಿಸ್ಕ್ ಹಾಕಿದರೂ ನಡುಕ ಮರಳಿ ಬರುತ್ತದೆ. ಪ್ಯಾಡ್ ಬದಲಿಸಬೇಕು, ಹೊಸ ಪ್ಯಾಡನ್ನು ಡಿಸ್ಕಿಗೆ ಹದ ಮಾಡುವ ಕ್ರಮ (ಕೊನೆಯಲ್ಲಿ ಹೇಳಿದೆ) ಸರಿಯಾಗಬೇಕು.

ಡಿಸ್ಕ್ ಎಷ್ಟು ಕಾಯುತ್ತಿದೆ ಎಂದು ತಿಳಿಯಲು ಅಗ್ಗದ ಉಪಾಯವಿದೆ: ಬಿಸಿಗೆ ಬಣ್ಣ ಬದಲಿಸುವ ಪೇಂಟ್. ರೇಸಿಂಗ್ ಸಾಮಗ್ರಿ ಮಾರುವವರಲ್ಲಿ ಸಿಗುತ್ತದೆ. ಡಿಸ್ಕಿನ ಹೊರ ಅಂಚಿಗೆ ಮೂರು ಬಣ್ಣದ ಗೆರೆ ಎಳೆಯುತ್ತಾರೆ. ಸಾಮಾನ್ಯವಾಗಿ ಸಿಗುವ ಪೇಂಟಿನಲ್ಲಿ ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬಿಡುತ್ತದೆ. ಹಸಿರು ಮಾತ್ರ ಹೋಗಿದ್ದರೆ ಕಾರಿನ ಮೂಲ ಅಳತೆಯ ಒಳ್ಳೆಯ ಡಿಸ್ಕ್, ಟ್ರ್ಯಾಕ್ ಪ್ಯಾಡ್ ಸಾಕು. ಕೆಂಪೂ ಹೋಗಿದ್ದರೆ ಹೆಚ್ಚು ತೂಕದ ಡಿಸ್ಕಿನ ಜೊತೆಗೆ ಅದಕ್ಕೆ ಗಾಳಿ ತರುವ ಕೊಳವೆಯ ಬಗ್ಗೆಯೂ ಯೋಚಿಸಿ.

ತೂಕ, ಎರಕ, ರೆಕ್ಕೆ

ಕೊಳ್ಳುವಾಗ ವ್ಯಾಸ, ದಪ್ಪ, ಒಟ್ಟು ಎತ್ತರ, ನಡುವಿನ ರಂಧ್ರ, ಬೋಲ್ಟುಗಳ ಅಳತೆ ಐದೂ ಮೂಲ ಭಾಗಕ್ಕೆ ಹೊಂದಬೇಕು. ದೊಡ್ಡ ವ್ಯಾಸದ ಡಿಸ್ಕ್ ಬೇಕೆಂದರೆ ಬೇರೆ ಬ್ರಾಕೆಟ್ ಬೇಕು, ಚಕ್ರದೊಳಗೆ ಜಾಗ ಇರಬೇಕು. ಮುಂದೆ ಮಾತ್ರ ದೊಡ್ಡದು ಹಾಕಿದರೆ ಬ್ರೇಕಿನ ಹಂಚಿಕೆ ಮುಂದಕ್ಕೆ ವಾಲಿ ಹಿಂದಿನ ಬ್ರೇಕುಗಳು ಸುಮ್ಮನೆ ಕೂರುತ್ತವೆ. ಮೂಲ ಅಳತೆಯಲ್ಲೇ ಉತ್ತಮವಾದದ್ದನ್ನು ಹುಡುಕುವುದು ಬಹುಪಾಲು ಜನರಿಗೆ ಸರಿಯಾದ ದಾರಿ.

ಅಳತೆ ಒಂದೇ ಇದ್ದರೂ ಡಿಸ್ಕುಗಳು ಒಂದೇ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋದರೂ ಸರಿ, ಹೊರಗಿನಿಂದ ತರಿಸಿದರೂ ಸರಿ, ಡಿಸ್ಕನ್ನು ತೂಗಿ ನೋಡಿ. ಕಂಪನಿಯ ಮೂಲ ಡಿಸ್ಕಿಗಿಂತ ಅರ್ಧ ಕಿಲೋ ಕಡಿಮೆ ಇದ್ದರೆ ಕಬ್ಬಿಣ ಎಲ್ಲೋ ಕಡಿತವಾಗಿದೆ, ಬಹುಶಃ ಗಾಳಿಯ ಸಂದಿಯ ಎರಡೂ ಬದಿಯ ಪದರಗಳ ದಪ್ಪದಲ್ಲಿ. ಅಂಚಿನಿಂದ ಒಳಗೆ ಇಣುಕಿ ನೋಡಿ: ಎರಡೂ ಪದರ ಸಮ ದಪ್ಪವಿರಬೇಕು, ನಡುವಿನ ಸಂದಿ ಸರಿಯಾಗಿ ಮಧ್ಯದಲ್ಲಿರಬೇಕು. ಒಂದು ಕಡೆ ತೆಳುವಾಗಿದ್ದರೆ ಅದು ಮೊದಲು ಕಾದು ಡಿಸ್ಕನ್ನು ಎಳೆಯುತ್ತದೆ. ಲೋಹದ ವಿಷಯದಲ್ಲಿ ಕೇಳಬೇಕಾದದ್ದು ಕಾರ್ಬನ್ ಅಂಶ ಹೆಚ್ಚಿರುವ ಬೀಡು ಕಬ್ಬಿಣ. ಅದು ಬಿಸಿಯನ್ನು ಬೇಗ ಹರಡುತ್ತದೆ, ಬಿರುಕಿಗೆ ಬೇಗ ಸೋಲುವುದಿಲ್ಲ. ಬದಲಿ ಡಿಸ್ಕುಗಳಿಗೆ ಯುರೋಪಿನ ಆರ್90 ಮಾನ್ಯತೆ ಇದೆ. ಅದರ ಗುರುತು ಇದ್ದರೆ ಕನಿಷ್ಠ ಪರೀಕ್ಷೆ ದಾಟಿದೆ ಎಂದು ನಂಬಬಹುದು. ಹೆಸರು, ಭಾಗದ ಸಂಖ್ಯೆ, ಕನಿಷ್ಠ ದಪ್ಪ ಯಾವುದೂ ಅಚ್ಚಿಲ್ಲದ ಡಿಸ್ಕನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಎರಡು ಪದರಗಳ ನಡುವಿನ ರೆಕ್ಕೆಗಳು ನೇರವಾಗಿಯೂ ಇರುತ್ತವೆ, ಬಾಗಿಯೂ ಇರುತ್ತವೆ. ಬಾಗಿದ ರೆಕ್ಕೆಗಳು ಗಾಳಿಯನ್ನು ಹೆಚ್ಚು ಎಳೆಯುತ್ತವೆ. ಆದರೆ ಅವುಗಳಲ್ಲಿ ಎಡ ಬೇರೆ, ಬಲ ಬೇರೆ. ಒಳಗಿನಿಂದ ಹೊರಕ್ಕೆ ಬರುತ್ತಾ ರೆಕ್ಕೆಗಳು ಚಕ್ರ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಬಾಗಿರಬೇಕು. ಮೇಲೆ ಕೊರೆದ ಗೀರುಗಳನ್ನು ನೋಡಿ ದಿಕ್ಕು ನಿರ್ಧರಿಸುವವರು ಬಹಳ. ಗೀರಿನಿಂದ ಗಾಳಿ ಹರಿಯುವುದಿಲ್ಲ, ಒಳಗಿನ ರೆಕ್ಕೆಯನ್ನೇ ನೋಡಬೇಕು.

ತೂತೋ, ಗೀರೋ, ಸಾದಾ ಮೈಯೋ

ಹಿಂದಿನ ಕಾಲದ ಪ್ಯಾಡುಗಳು ಕಾದಾಗ ಅನಿಲ ಹೊರಬಿಡುತ್ತಿದ್ದವು. ಅದು ಪ್ಯಾಡ್ ಮತ್ತು ಡಿಸ್ಕಿನ ನಡುವೆ ಸಿಕ್ಕಿಕೊಂಡು ಹಿಡಿತ ಕಡಿಮೆಯಾಗುತ್ತಿತ್ತು. ಅನಿಲಕ್ಕೆ ದಾರಿ ಬೇಕೆಂದು ತೂತು ಕೊರೆದರು. ಈಗಿನ ಪ್ಯಾಡುಗಳಲ್ಲಿ ಆ ತೊಂದರೆ ಬಹಳ ಕಡಿಮೆ, ತೂತಿನ ಮೋಹ ಮಾತ್ರ ಉಳಿದಿದೆ. ಪ್ರತಿ ತೂತಿನ ಅಂಚೂ ಬಿರುಕು ಹುಟ್ಟುವ ಜಾಗ. ಪೋರ್ಶೆ ತನ್ನ ಸ್ಪೋರ್ಟ್ಸ್ ಕಾರುಗಳಲ್ಲಿ ತೂತಿನ ಡಿಸ್ಕನ್ನೇ ಕೊಡುತ್ತದೆ. ಅವು ಒಳ್ಳೆಯ ಡಿಸ್ಕುಗಳೇ. ಆದರೂ ಟ್ರ್ಯಾಕ್‌ನಲ್ಲಿ ಓಡುವ ಕೇಮನ್, 911ಗಳಲ್ಲಿ ತೂತಿನ ಸುತ್ತ ಬಿರುಕು ಮೂಡುವುದು ಮಾಮೂಲಿ. ಸಾದಾ ಡಿಸ್ಕಿಗೆ ಡ್ರಿಲ್ ಹಾಕಿ ಮಾರುವ ಅಗ್ಗದ ಮಾಲಂತೂ ಟ್ರ್ಯಾಕ್‌ಗೆ ಅಪಾಯ.

ಉದ್ದ ಗೀರು ಕೊರೆದ ಡಿಸ್ಕ್ ಪ್ಯಾಡಿನ ಮೈಯನ್ನು ಒರೆಸುತ್ತಾ ಹಿಡಿತವನ್ನು ತಾಜಾ ಇಡುತ್ತದೆ. ಪ್ಯಾಡ್ ಸ್ವಲ್ಪ ಬೇಗ ಸವೆಯುತ್ತದೆ, ಸದ್ದೂ ಬರುತ್ತದೆ. ಪೂರ್ತಿ ಟ್ರ್ಯಾಕ್‌ಗೇ ಮೀಸಲಾದ ಕಾರಿಗೆ ಗೀರಿನದ್ದು ಒಳ್ಳೆಯದು. ವರ್ಷದಲ್ಲಿ ಕೆಲವು ಬಾರಿ ಚೆನ್ನೈಗೆ ಹೋಗಿ, ಉಳಿದ ದಿನ ಆಫೀಸಿಗೆ ಓಡುವ ಕಾರಿಗೆ ಸಾದಾ ಮೈಯ ಡಿಸ್ಕ್ ಹಾಕಿ, ಉಳಿದ ಹಣವನ್ನು ಪ್ಯಾಡಿಗೂ ಬ್ರೇಕ್ ಆಯಿಲಿಗೂ ಇಡಿ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಪೆಡಲ್ ಮೆತ್ತಗಾಗಿ ತಳ ಮುಟ್ಟುವುದು ಆಯಿಲ್ ಕುದಿದಾಗ. ಅದಕ್ಕೆ ಯಾವ ಡಿಸ್ಕೂ ಪರಿಹಾರವಲ್ಲ.

ಎರಡು ತುಂಡಿನ ಡಿಸ್ಕ್ ಇನ್ನೊಂದು ಆಯ್ಕೆ: ಹೊರಗೆ ಕಬ್ಬಿಣದ ಬಳೆ, ಒಳಗೆ ಅಲ್ಯೂಮಿನಿಯಂ ಟೊಪ್ಪಿ. ಬಳೆ ಕಾದಾಗ ಸುತ್ತ ಹಿಗ್ಗಲು ಜಾಗವಿರುವುದರಿಂದ ಒಂದು ಕಡೆಗೆ ವಾಲುವುದಿಲ್ಲ, ಚಕ್ರದ ತೂಕವೂ ಇಳಿಯುತ್ತದೆ. ಸವೆದಾಗ ಬಳೆ ಮಾತ್ರ ಬದಲಿಸಿದರಾಯಿತು. ಬಳೆ ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ, ಎಷ್ಟು ವಾರಕ್ಕೆ ಎಂದು ಕೇಳಿಕೊಂಡೇ ಹಣ ಕೊಡಿ. ಕಾರ್ಬನ್ ಸೆರಾಮಿಕ್ ಡಿಸ್ಕ್ 2001ರ ಪೋರ್ಶೆ 911 ಜಿಟಿ2ನಲ್ಲಿ ಬಂದಾಗಿನಿಂದ ಅದರ ಮೇಲೆ ಆಸೆ ಪಡುವವರಿದ್ದಾರೆ. ಕಬ್ಬಿಣದ ಅರ್ಧ ತೂಕ ನಿಜ, ಬೆಲೆ ಹಲವು ಪಟ್ಟು. ಟ್ರ್ಯಾಕ್ ಬಿಸಿಗೆ ಒಳಗಿನ ಕಾರ್ಬನ್ ನಿಧಾನವಾಗಿ ಸುಟ್ಟುಹೋಗುತ್ತದೆ. ಅದಕ್ಕಾಗಿಯೇ ಹಲವು ಮಾಲೀಕರು ಸೆರಾಮಿಕ್ ಬಿಚ್ಚಿ ಜೋಪಾನವಾಗಿಟ್ಟು, ಟ್ರ್ಯಾಕ್‌ಗೆ ಕಬ್ಬಿಣ ಹಾಕಿಸುತ್ತಾರೆ.

ಕೂರಿಸುವುದು, ಹದ ಮಾಡುವುದು

ಹಬ್‌ನ ಮೈ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ಹೊಳೆಯುವಂತೆ ಮಾಡಿಸಿ. ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ. ಓಲಾಟ 0.05 ಮಿ.ಮೀ. ಒಳಗಿದ್ದರೆ ಒಳ್ಳೆಯದು. ಹೆಚ್ಚಿದ್ದರೆ ಡಿಸ್ಕನ್ನು ಒಂದು ಬೋಲ್ಟಿನಷ್ಟು ತಿರುಗಿಸಿ ಮತ್ತೆ ಕೂರಿಸಿ ನೋಡಿ. ಚಕ್ರದ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಎದುರುಬದುರಾಗಿ ಬಿಗಿಸಬೇಕು.

ಹದ ಮಾಡುವ ಕ್ರಮ ಪ್ಯಾಡ್ ತಯಾರಕರ ಕಾಗದದಲ್ಲಿರುತ್ತದೆ, ಅದನ್ನೇ ಪಾಲಿಸಿ. ಸಾಮಾನ್ಯವಾಗಿ ಖಾಲಿ ಟ್ರ್ಯಾಕ್‌ನಲ್ಲಿ 100ರಿಂದ 15–20 ಕಿ.ಮೀ. ವೇಗಕ್ಕೆ ಎಂಟು ಹತ್ತು ಬಾರಿ ಒಂದೇ ಸಮನಾದ ಒತ್ತಡದಲ್ಲಿ ಇಳಿಸಿ, ನಡುವೆ ಪೂರ್ತಿ ನಿಲ್ಲಿಸದೆ, ಕೊನೆಗೆ ಬ್ರೇಕ್ ಮುಟ್ಟದೆ ಒಂದೆರಡು ಸುತ್ತು ನಿಧಾನವಾಗಿ ಓಡಿಸಿ ತಣಿಸುತ್ತಾರೆ. ಬಿಸಿ ಇರುವಾಗ ಪೆಡಲ್ ಒತ್ತಿ ನಿಂತರೆ ಪ್ಯಾಡಿನ ವಸ್ತು ಆ ಒಂದು ಜಾಗಕ್ಕೆ ಅಂಟಿ, ಮೇಲೆ ಹೇಳಿದ ನಡುಕಕ್ಕೆ ದಾರಿಯಾಗುತ್ತದೆ. ಪಿಟ್‌ಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಪ್ರತಿ ಸೆಷನ್ ಮುಗಿದ ಮೇಲೆ ಟಾರ್ಚ್ ಹಿಡಿದು ಮುಂದಿನ ಎರಡೂ ಡಿಸ್ಕುಗಳನ್ನು ಒಳಗೂ ಹೊರಗೂ ನೋಡಿ. ಒಳಮೈ ಕಾಣಲು ಚಕ್ರ ಬಿಚ್ಚಬೇಕಾದರೆ ಬಿಚ್ಚಿ. ಒಂದು ಕೆಟ್ಟರೆ ಆ ಆಕ್ಸಲ್‌ನ ಎರಡನ್ನೂ ಬದಲಿಸಬೇಕು. ಆಮದು ಕಾರುಗಳಿಗೆ ಡಿಸ್ಕ್ ಬರಲು ವಾರಗಟ್ಟಲೆ ಹಿಡಿಯುವುದರಿಂದ, ಹೊಸ ಜೋಡಿಯನ್ನು ಹಳೆಯದು ಅರ್ಧ ಸವೆಯುವ ಮೊದಲೇ ತರಿಸಿಡಿ.